ಫಕೀರೇಶನ ಆಹಾರ ಸಂಗ್ರಹಾಲಯ ಮತ್ತು ಒಂದು ಬಿಸಿ ರೊಟ್ಟಿ

ಇಪ್ಪತ್ತೊಂದು ವರ್ಷದ ಹಿಂದೆ, ಮದುವೆಯಾದ ದಿನ ಸಂಜೆ, ಫಕೀರೇಶ ತನ್ನ ಮನೆಯ ಹೊಸ್ತಿಲ ಹೊರಗೆ ನಿಂತು ಒಂದು ಮಾತು ಕೊಟ್ಟಿದ್ದ.

ಕೊಡಬೇಕೆಂದು ಕೊಟ್ಟದ್ದಲ್ಲ. ಹೊಸ್ತಿಲಿಗೆ ಅಡ್ಡವಾಗಿ ಹೆಣ್ಣುಮಕ್ಕಳು ಕೈ ಕೈ ಹಿಡಿದು ನಿಂತಿದ್ದರು. ಹೆಂಡತಿಯ ಹೆಸರನ್ನು ಪ್ರಾಸದ ಪದ್ಯದಲ್ಲಿ, ಒಡಪಿನಲ್ಲಿ, ಕಟ್ಟಿ ಹೇಳದ ಹೊರತು ಮದುಮಗನನ್ನು ಒಳಗೆ ಬಿಡುವ ಪದ್ಧತಿ ಇರಲಿಲ್ಲ. ಫಕೀರೇಶ ನಾಲ್ಕು ಸಾಲಿನ ಒಡಪೊಂದನ್ನು ವಾರವಿಡೀ ಬಾಯಿಪಾಠ ಮಾಡಿದ್ದ. ಹೊಸ್ತಿಲ ಮುಂದೆ ನಿಂತಾಗ ನಾಲ್ಕೂ ಸಾಲು ಒಟ್ಟಿಗೇ ಕೈಕೊಟ್ಟವು. ಬೆಳಗಿನಿಂದ ಉಪವಾಸವಿದ್ದ ಹೊಟ್ಟೆಯೊಳಗಿಂದ ಬೇರೆಯದೇ ಮಾತು ಹೊರಬಂತು.

"ಅನ್ನಪೂರ್ಣಾನ್ನ... ಒಂದಿನ... ನನಗಿಂತ ಮೊದಲ ಕುಂದ್ರಿಸಿ, ನಾನ ಬಡದ ಬಿಸಿ ರೊಟ್ಟಿ ಉಣ್ಣಸ್ತೀನಿ!"

ಅದರಲ್ಲಿ ಪ್ರಾಸವಿರಲಿಲ್ಲ, ಆದರೆ ಹೆಣ್ಣುಮಕ್ಕಳು ನಕ್ಕ ರಭಸಕ್ಕೆ ಕೈಗಳು ಬಿಟ್ಟುಹೋದವು. ಆ ಸಂದಿಯಲ್ಲಿ ಫಕೀರೇಶ ಒಳಗೆ ಹೋದ. ಮಾತು ಹೊಸ್ತಿಲ ಹೊರಗೇ ಉಳಿಯಿತು. ಅದನ್ನು ಎತ್ತಿಟ್ಟುಕೊಂಡವಳು ಒಬ್ಬಳೇ: ಅದೇ ಊರಿಗೆ ಕೊಟ್ಟಿದ್ದ ಅನ್ನಪೂರ್ಣಾಳ ದೊಡ್ಡವ್ವ ತಿಪ್ಪವ್ವ. ಆಕೆಗೆ ಬೆಳಿಗ್ಗೆ ಏನು ಉಂಡೆನೆಂದು ನೆನಪಿರುವುದಿಲ್ಲ, ಆದರೆ ಯಾರ ಮದುವೆಯಲ್ಲಿ ಯಾರು ಏನೆಂದರೆಂಬುದು ಒಂದಕ್ಷರವೂ ತಪ್ಪುವುದಿಲ್ಲ.

ಆಮೇಲೆ ಸಂಸಾರ ನಡೆಯಿತು. ಮೊದಲು ಫಕೀರೇಶನ ಊಟ, ಆಮೇಲೆ ಇಬ್ಬರು ಮಕ್ಕಳದು, ನಡುವೆ ಬಂದವರದು, ಎಲ್ಲ ಮುಗಿದ ಮೇಲೆ ಬುಟ್ಟಿಯ ತಳದಲ್ಲಿ ತಣ್ಣಗೆ ಮಲಗಿದ ರೊಟ್ಟಿಯೊಂದಿಗೆ ಅನ್ನಪೂರ್ಣಾಳದು. "ನಿಂದು ಊಟ?" ಎಂದು ಫಕೀರೇಶ ಎಂದಾದರೂ ಕೇಳಿದರೆ ಆಕೆ "ನಂದಾತು, ನೀವು ಉಣ್ರಿ" ಅನ್ನುತ್ತಿದ್ದಳು. ಅವನು ನಂಬುತ್ತಿದ್ದ. ಗಂಡಸರ ನಂಬಿಕೆ ಎಷ್ಟು ಗಟ್ಟಿಯಾದದ್ದೆಂಬುದು ಊಟಕ್ಕೆ ಕೂತಾಗಲೇ ಗೊತ್ತಾಗುವುದು.

ಹೋದ ತಿಂಗಳು ದವಾಖಾನೆಯಲ್ಲಿ ಊರ ಹೆಣ್ಣುಮಕ್ಕಳ ರಕ್ತ ನೋಡಿದರು. ಹನ್ನೆರಡು ಇರಬೇಕಾದಲ್ಲಿ ಅನ್ನಪೂರ್ಣಾಳದು ಏಳೂವರೆ ಬಂತು. ಡಾಕ್ಟರಮ್ಮ ಗುಳಿಗೆ ಕೊಟ್ಟಳು, ಸೊಪ್ಪು, ಮೊಳಕೆಕಾಳು ಹೇಳಿದಳು, ಕಾಗದದ ಮೇಲೆ ಇನ್ನೂ ಎರಡು ಸಾಲು ಬರೆದು ಕೆಳಗೆ ಗಂಡನ ಸಹಿ ತೆಗೆದುಕೊಂಡಳು. ಫಕೀರೇಶನ ಸಹಿ ಚಂದ. ಕೆಳಗೆ ಗೆರೆ ಎಳೆದು ಎರಡು ಚುಕ್ಕೆ ಇಡುತ್ತಾನೆ. ಚುಕ್ಕೆ ಇಟ್ಟು, ಮೇಲಿನದನ್ನು ಓದದೆ, ಮಡಚಿ ಅಂಗಿಯ ಕಿಸೆಗೆ ಹಾಕಿಕೊಂಡ. ಮನೆಗೆ ಬಂದು, "ನೀ ಇನ್ನ ಮ್ಯಾಲೆ ಚಲೋತ್ನಂಗ ಉಣಬೇಕಂತ ನೋಡ" ಎಂದು ಕಟ್ಟುನಿಟ್ಟಾಗಿ ಹೇಳಿ, ಇನ್ನೆರಡು ರೊಟ್ಟಿಗೆ ತಾಟು ಮುಂದೆ ಮಾಡಿದ.

ಫಕೀರೇಶ ಸೂಡಿಗೂ ಗಜೇಂದ್ರಗಡಕ್ಕೂ ನಡುವಿನ ಆ ಊರಿನ ಗ್ರಂಥಾಲಯದ ಮೇಲ್ವಿಚಾರಕ. ಹಳೆಯ ಶಾಲೆಯ ಎರಡು ಕೋಣೆ, ನಾಲ್ಕು ಕಪಾಟು, ಒಂದು ಕುರ್ಚಿ. ಕುರ್ಚಿಯ ಒಂದು ಕಾಲಿನ ಕೆಳಗೆ ಆರೋಗ್ಯದ ಬಗ್ಗೆ ಒಂದು ದಪ್ಪ ಪುಸ್ತಕವಿತ್ತು. ಗ್ರಂಥಾಲಯದಲ್ಲಿ ದಿನವೂ ಉಪಯೋಗಕ್ಕೆ ಬರುತ್ತಿದ್ದ ಪುಸ್ತಕ ಅದೊಂದೇ.

ಈ ಮನುಷ್ಯನಿಗೆ ರೋಣದಲ್ಲಿ ಪೌಷ್ಟಿಕ ಆಹಾರದ ಸಭೆಗೆ ಕರೆ ಬಂತು. ಬಸ್ಸಿಳಿದು ಮಿರ್ಚಿ ತಿಂದ. ಮಿರ್ಚಿ ಕಟ್ಟಿಕೊಟ್ಟ ಪೇಪರಿನಲ್ಲಿ, ಯಾವುದೋ ದೇಶದಲ್ಲಿ ಊಟದ ಬಗ್ಗೆಯೇ ಒಂದು ವಸ್ತುಸಂಗ್ರಹಾಲಯ ಮಾಡಿದ್ದಾರೆ ಎಂದು ದೊಡ್ಡ ಅಕ್ಷರದಲ್ಲಿತ್ತು. ಅದನ್ನು ಹೇಗೆ ಮಾಡಿದರು, ಯಾಕೆ ಮಾಡಿದರು ಎಂಬ ಭಾಗ ಎಣ್ಣೆ ಕುಡಿದು ಹೋಗಿತ್ತು. ಫಕೀರೇಶ ಓದಲಾದಷ್ಟು ಓದಿ ಕೈ ಒರೆಸಿಕೊಂಡ.

ಸಭೆಯಲ್ಲಿ ತಾಲೂಕಿನ ಉಮೇಶ ಸಾಹೇಬರು ಒಬ್ಬೊಬ್ಬರನ್ನೇ ಎಬ್ಬಿಸಿ, ನಿಮ್ಮ ಗ್ರಂಥಾಲಯದಾಗ ಏನು ಮಾಡ್ತೀರಿ ಎಂದು ಕೇಳಿದರು. ನರಗುಂದದ ಕಡೆಯವ ಪ್ರಬಂಧ ಸ್ಪರ್ಧೆ ಅಂದ. ಗಜೇಂದ್ರಗಡದ ಕಡೆಯವಳು ಸಿರಿಧಾನ್ಯದ ರಂಗೋಲಿ ಅಂದಳು. ಫಕೀರೇಶನ ಸರದಿ ಬಂದಾಗ ಅವನು ಹೊರಗೆ ಬೇಯುತ್ತಿದ್ದ ಉಪ್ಪಿಟ್ಟಿನ ವಾಸನೆಯನ್ನು ಅಭ್ಯಾಸ ಮಾಡುತ್ತಿದ್ದ. ಎದ್ದು ನಿಂತ. ಒಡಪು ಮರೆತ ದಿನದ ಹಾಗೇ ಆಯಿತು. ಬಾಯಿ ತಾನೇ ಮುಂದೆ ಹೋಯಿತು.

"ಆಹಾರದ ಮ್ಯೂಜಿಯಂ ಮಾಡ್ತೀನ್ರಿ ಸಾಹೇಬ್ರ."

ಸಭೆ ತಿರುಗಿ ನೋಡಿತು. ಸಾಹೇಬರು ಕನ್ನಡಕ ತೆಗೆದರು. "ಮ್ಯೂಜಿಯಂ?"

"ಹೌದ್ರಿ. ಹಳೇ ಕಾಲದ ಭಾಂಡೆ, ಬೀಸೂಕಲ್ಲು, ಒಲಿ. ನಮ್ಮ ಹಿರ್ಯಾರು ಹ್ಯಾಂಗ ಗಟ್ಟಿ ಇದ್ರು ಅಂತ ಜನಕ್ಕ ತಿಳೀಬೇಕ್ರಿ."

ಚಪ್ಪಾಳೆ ಬಿತ್ತು. ಫಕೀರೇಶನಿಗೆ ಜನ್ಮದಲ್ಲಿ ಮೊದಲ ಬಾರಿ ಬಿದ್ದ ಚಪ್ಪಾಳೆ. ಆ ಸದ್ದಿಗೆ ಬುದ್ಧಿ ಸ್ವಲ್ಪ ಹೊತ್ತು ಕೆಲಸ ಬಿಟ್ಟಿತು. ಸಾಹೇಬರು ಮುಂದಿನ ತಿಂಗಳ ಒಂದು ತಾರೀಖು ಹೇಳಿ, "ಉದ್ಘಾಟನಾಕ್ಕ ನಾನ ಬರ್ತೀನಿ" ಎಂದರು. ಫಕೀರೇಶ ಕೂತಲ್ಲೇ ವಸ್ತುಗಳ ಯಾದಿ ಬರೆಯಲು ಕಿಸೆಯಿಂದ ಒಂದು ಕಾಗದ ತೆಗೆದ. ಅದರ ಒಂದು ಮೈ ಖಾಲಿಯಿತ್ತು. ಇನ್ನೊಂದು ಮೈಯಲ್ಲಿ ಹೆಂಡತಿಯ ರಕ್ತವಿತ್ತು.

ಮನೆಗೆ ಬಂದು ಹೇಳಿದಾಗ ಅನ್ನಪೂರ್ಣಾ ಕೇಳಿದ್ದು ಒಂದೇ ಪ್ರಶ್ನೆ. "ಮ್ಯೂಜಿಯಂ ಅಂದ್ರ ಏನ್ರಿ?"

"ನೋಡೂದು. ತಿನ್ನೂದಲ್ಲ."

"ತಿನ್ನಾಕ ಕೊಡಲಾರದ ಊಟಕ್ಕ ಯಾರು ಬರ್ತಾರ್ರಿ?"

"ನಿನಗ ತಿಳಿಯಂಗಿಲ್ಲ ಬಿಡ," ಅಂದ ಫಕೀರೇಶ. ತನಗೂ ತಿಳಿದಿಲ್ಲವೆಂಬುದನ್ನು ಮರೆಸಲು ಗಂಡಸರು ಬಳಸುವ ಮಾತು ಅದು.

ಮರುದಿನ ಓಣಿ ಓಣಿ ತಿರುಗಿದ. "ಹಳೇ ಭಾಂಡೆ ಇದ್ರ ಕೊಡ್ರಿ. ಉದ್ಘಾಟನಾ ದಿನಾನ ವಾಪಸ್ ಕೊಡ್ತೀನಿ." ಮೊದಲು ಹೋದದ್ದು ಪಕ್ಕದ ಮನೆಯ ರಮಜಾನಬಿಯ ಹತ್ತಿರ. ಆಕೆ ಅಟ್ಟದಿಂದ ಅಜ್ಜಿಯ ಕಾಲದ ತಾಮ್ರದ ಬೋಗಾಣಿ ಇಳಿಸಿ, ಬೂದಿ ಹಾಕಿ ತಿಕ್ಕಿ, ಒಳಗೆ ಹೋದವಳು ಅರ್ಧ ತಾಸು ಹೊರಗೆ ಬರಲಿಲ್ಲ. ಬಂದಾಗ ಬೋಗಾಣಿಯ ತುಂಬ ಸಜ್ಜಕವಿತ್ತು, ಮೇಲೆ ತುಪ್ಪ ತೇಲುತ್ತಿತ್ತು.

"ಖಾಲಿ ಭಾಂಡೆ ಬೇಕ್ರಿ ನನಗ," ಅಂದ ಫಕೀರೇಶ.

"ಖಾಲಿ ಭಾಂಡೆ ಮನೀಂದ ಹೊರಗ ಹ್ಯಾಂಗ ಕಳಸಲಿ ಅಣ್ಣಾರ? ಚಲೋ ಕಾಣತೈತೇನು?"

ಆ ಸೀಮೆಯ ಯಾವ ಹೆಣ್ಣುಮಗಳೂ ಖಾಲಿ ಪಾತ್ರೆಯನ್ನು ಇನ್ನೊಬ್ಬರ ಮನೆಗೆ ಕಳಿಸಿದವಳಲ್ಲ. ಹೋಗುವಾಗ ತುಂಬಿ ಹೋಗಬೇಕು. ಅದಕ್ಕಿಂತ ಮುಖ್ಯವಾದದ್ದು, ಬರುವಾಗಲೂ ತುಂಬಿ ಬರಬೇಕು. ಪಂಚಮಿಯ ರೊಟ್ಟಿ ಹಬ್ಬದ ದಿನ ಓಣಿಯ ತಾಟುಗಳೆಲ್ಲ ಹೀಗೇ ಮನೆಯಿಂದ ಮನೆಗೆ ಓಡಾಡುತ್ತವೆ. ಒಂದಾದರೂ ಖಾಲಿ ಮರಳಿತೆಂದರೆ ಮುಂದಿನ ಪಂಚಮಿಯವರೆಗೂ ಆ ಎರಡು ಮನೆಗಳ ಮಧ್ಯೆ ಮಾತಿಲ್ಲ. ಇದು ಫಕೀರೇಶನಿಗೂ ಗೊತ್ತಿದ್ದ ಸಂಗತಿಯೇ. ಆದರೆ ಅವನಿಗೆ ಗೊತ್ತಿದ್ದದ್ದು ಬರುವ ತಾಟಿನ ಅರ್ಧ ಮಾತ್ರ. ಮರಳಿ ತುಂಬುವ ಅರ್ಧ ಅಡುಗೆಮನೆಯಲ್ಲಿ, ಅವನ ಬೆನ್ನ ಹಿಂದೆ ನಡೆಯುತ್ತಿತ್ತು.

ಹೀಗಾಗಿ ಹದಿನೈದು ದಿನ ಫಕೀರೇಶನ ಮನೆಗೆ ಪಾತ್ರೆಗಳು ತುಂಬಿ ಬಂದವು. ಹಿತ್ತಾಳೆಯ ಗಂಗಾಳದಲ್ಲಿ ಮಾದಲಿ, ಕಲ್ಲಿನ ಮರಿಗೆಯಲ್ಲಿ ಪುಂಡಿಪಲ್ಲೆ, ಮಣ್ಣಿನ ಗಡಿಗೆಯಲ್ಲಿ ನವಣಕ್ಕಿ ಅನ್ನ, ತಿಪ್ಪವ್ವನ ಕಂಚಿನ ತಾಟಿನ ತುಂಬ ಗುರೆಳ್ಳು ಹಿಂಡಿ ಹಚ್ಚಿದ ಸಜ್ಜೆ ರೊಟ್ಟಿ. ಫಕೀರೇಶ ಇದನ್ನೆಲ್ಲ ಜನಬೆಂಬಲವೆಂದು ತಿಳಿದು ಉಂಡ. ಬೆಲ್ಟಿನಲ್ಲಿ ಹೊಸ ತೂತು ಹಾಕಿಸಿಕೊಂಡ. ಅನ್ನಪೂರ್ಣಾ ಒಂದೊಂದೇ ಪಾತ್ರೆ ತೊಳೆದು ಬೋರಲು ಹಾಕುತ್ತ, ದಿನದಿನಕ್ಕೆ ಮಾತು ಕಡಿಮೆ ಮಾಡುತ್ತ ಬಂದಳು.

"ರೀ, ಎಪ್ಪತ್ತಮೂರು ಆದವು," ಅಂದಳು ಒಂದು ದಿನ.

"ಭಾಳ ಚಲೋ ಆತು!"

"ಚಲೋ ಏನ್ರಿ? ಇವನ್ನೆಲ್ಲಾ ವಾಪಸ್..."

"ತಡಿ ಸ್ವಲ್ಪ, ಚೀಟಿ ಬರಿಯಾಕತ್ತೀನಿ. ಸಂಜಿಗೆ ಹೇಳ."

ಸಂಜೆ ಅವನು ಇನ್ನೊಂದು ಓಣಿಗೆ ಹೋಗಿದ್ದ. ಮರುದಿನ ಆಕೆ ಮತ್ತೆ ಎತ್ತಿದಾಗ, ಸಂಗ್ರಹಾಲಯ ಅಂದ್ರ ತ್ಯಾಗ ಬೇಕಾಗತೈತಿ ಎಂದು ಹೇಳಿ, ಕೈಗೆ ಸಿಕ್ಕ ಹೋಳಿಗೆ ಎತ್ತಿಕೊಂಡು ನಡೆದ.

ಸುದ್ದಿ ಊರ ಗಡಿ ದಾಟಿದ್ದು ಖಾದರನಿಂದ. ಖಾದರನ ಅಪ್ಪ ಪಾತ್ರೆಗಳಿಗೆ ಕಲಾಯಿ ಹಾಕುತ್ತಿದ್ದ. ಖಾದರ ಸ್ಟೀಲ್ ಪಾತ್ರೆ ತುಂಬಿದ ಆಟೋದಲ್ಲಿ ಮೈಕು ಕಟ್ಟಿಕೊಂಡು ಊರೂರು ತಿರುಗುತ್ತಾನೆ. ಫಕೀರೇಶನ ಮೇಲಿನ ಪ್ರೀತಿಯಿಂದ ಅವನು ಲಕ್ಕಲಕಟ್ಟಿಯಿಂದ ಮೆಣಸಗಿಯವರೆಗೆ ಮೈಕಿನಲ್ಲಿ ಕೂಗಿದ: "ಹಳೇ ಭಾಂಡೆ ಕೊಡ್ರಿ, ಲೈಬ್ರರಿಗೆ ಕೊಡ್ರಿ, ಉದ್ಘಾಟನಾ ದಿನ ವಾಪಸ್ ಒಯ್ರಿ!" ಕೂಗಿದ್ದು ಇಷ್ಟೇ. ಕೇಳಿಸಿಕೊಂಡವರು ಉಳಿದದ್ದನ್ನು ಪದ್ಧತಿ ಪ್ರಕಾರ ತಾವೇ ಸೇರಿಸಿಕೊಂಡರು. ಒಯ್ಯುವುದೆಂದರೆ ತುಂಬಿದ್ದನ್ನು ಒಯ್ಯುವುದು, ಖಾಲಿಯದನ್ನು ಯಾರು ಒಯ್ಯುತ್ತಾರೆ?

ಉದ್ಘಾಟನೆಯ ಹಿಂದಿನ ದಿನ ಮೆಣಸಗಿಯ ನಿಂಗಪ್ಪನೆಂಬ ಮುದುಕ ಬಸ್ಸಿನ ಮೇಲಿಂದ ತಾಮ್ರದ ಹಂಡೆಯೊಂದನ್ನು ಇಳಿಸಿಕೊಂಡು ಬಂದ. ಇಪ್ಪತ್ತು ಜನ ಸ್ನಾನ ಮಾಡುವಷ್ಟು ನೀರು ಹಿಡಿಯುವ ಹಂಡೆ. ಅದರ ತಳದಲ್ಲಿ ಪದ್ಧತಿ ಬಿಡಬಾರದೆಂದು ಒಂದು ಸೇರು ಮಂಡಕ್ಕಿ ಇತ್ತು.

"ಹೊಳಿ ಬಂದಾಗ ಮನ್ಯಾಗಿನ ಎಲ್ಲಾ ಭಾಂಡೆ ಹೋದ್ವು ಮಾಸ್ತರ. ದನದ ಗ್ವಾದ್ಲಿಗೆ ಕಟ್ಟಿದ್ದಕ್ಕ ಇದೊಂದು ಉಳೀತು. ನಮ್ಮಾಕಿ ಇದನ್ನ ಮಗನಂಗ ನೋಡ್ತಾಳ. ನಾಳೆ ನಾನ ಬಂದು ಒಯ್ತೀನಿ," ಅಂದ ನಿಂಗಪ್ಪ. ಹೊಸ್ತಿಲು ದಾಟುವಾಗ ತಿರುಗಿ ನಿಂತು, "ಏನ್ ತುಂಬಸ್ತೀರಿ ಅನ್ನೂದು ನಿಮಗ ಬಿಟ್ಟದ್ರಿ. ಹುಗ್ಗಿ ಆದ್ರೂ ನಡೀತೈತಿ," ಅಂದ.

ಫಕೀರೇಶನ ಕೈಯಲ್ಲಿದ್ದ ಅಂಟಿನ ಡಬ್ಬಿ ಕೆಳಗೆ ಬಿತ್ತು.

"ತುಂಬಸೂದು?"

ಬಾಗಿಲಲ್ಲಿ ನಿಂತಿದ್ದ ಅನ್ನಪೂರ್ಣಾ ಹೇಳಿದಳು, "ಹದಿನೈದು ದಿನದಿಂದ ನಾ ಇದನ್ನ ಹೇಳಾಕತ್ತಿದ್ದೆ."

ಒಟ್ಟು ಪಾತ್ರೆ ಹಂಡೆ ಹಿಡಿದು ನೂರಾ ಹದಿನಾರು. ಫಕೀರೇಶ ಮನಸ್ಸಿನಲ್ಲೇ ಅದಕ್ಕೆ ಬೇಕಾದ ರೊಟ್ಟಿ ಲೆಕ್ಕ ಹಾಕಲು ಹೋಗಿ, ಹಂಡೆಯ ಹತ್ತಿರ ಬಂದಾಗ ಬಿಟ್ಟುಬಿಟ್ಟ. ಆಮೇಲೆ ಇಪ್ಪತ್ತೊಂದು ವರ್ಷದ ರೂಢಿಯಂತೆ ಹೆಂಡತಿಯ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತೀರಿ? ನಾಕು ರೊಟ್ಟಿ ಬಡದ್ರ ಕಣ್ಣಿಗೆ ಕತ್ತಲಿ ಬರ್ತೈತಿ ನನಗ. ನೂರಾ ಹದಿನಾರು ಭಾಂಡೆ ನನ್ನ ರಟ್ಟಿಗೆ ಆಗಂಗಿಲ್ಲ."

ಫಕೀರೇಶ ಆ ರಾತ್ರಿ ಒಂದು ಉಪಾಯ ಕಂಡುಹಿಡಿದ: ಸಾಹೇಬರ ಮುಂದೆ ಯಾರೂ ಕೇಳಲಿಕ್ಕಿಲ್ಲ. ಉಪಾಯವಿಲ್ಲದವರು ಮಲಗುವ ಮುಂಚೆ ಇಂಥ ಉಪಾಯಗಳನ್ನು ಕಂಡುಹಿಡಿಯುತ್ತಾರೆ.

ಬೆಳಗಾಯಿತು. ಗ್ರಂಥಾಲಯದ ಒಳಗಿನ ಕೋಣೆ ನೋಡುವ ಹಾಗಾಗಿತ್ತು. ಗೋಡೆಗುಂಟ ಪಾತ್ರೆಗಳು ಮಿಂಚುತ್ತಿದ್ದವು. ಮೂಲೆಯಲ್ಲಿ ರಮಜಾನಬಿ ತನ್ನ ಕೈಯಿಂದಲೇ ಮಣ್ಣಿನ ಒಲೆ ಕಟ್ಟಿಕೊಟ್ಟಿದ್ದಳು, ಅದರ ಮೇಲೆ ರೊಟ್ಟಿ ಸುಡುವ ಹಂಚು, ಬದಿಗೆ ಹಿಟ್ಟು ನಾದುವ ಕಟ್ಟಿಗೆಯ ಪರಾತ, ಗಾಜಿನ ಬರಣಿಯಲ್ಲಿ ಜೋಳದ ಹಿಟ್ಟು. ಒಂದೊಂದರ ಮುಂದೂ ಫಕೀರೇಶ ಬರೆದ ಚೀಟಿ, ಒಂದೊಂದು ಚೀಟಿಯ ಕೆಳಗೂ "ಮುಟ್ಟಬೇಡಿ". ನಟ್ಟನಡುವೆ ಊಟದ ಮಣೆ. ಅದರ ಚೀಟಿ ಬರೆಯಲು ಅವನು ಎರಡು ದಿನ ತೆಗೆದುಕೊಂಡಿದ್ದ:

"ಊಟದ ಮಣೆ. ಹಿಂದಿನ ಕಾಲದಲ್ಲಿ ಮನೆಯ ಹೆಣ್ಣುಮಕ್ಕಳು ಎಲ್ಲರ ಊಟವಾದ ಮೇಲೆ ಇದರ ಮೇಲೆ ಕೂತು ಉಳಿದ ತಣ್ಣಗಿನ ರೊಟ್ಟಿ ಉಣ್ಣುತ್ತಿದ್ದರು."

ಅನ್ನಪೂರ್ಣಾ ಅದನ್ನು ನಿಧಾನವಾಗಿ ಓದಿದಳು. "ಹಿಂದಿನ ಕಾಲ ಅಂದ್ರ ನಿನ್ನೆ ಏನ್ರಿ?"

ಫಕೀರೇಶ ಚೀಟಿಯನ್ನು ನೆಟ್ಟಗೆ ಮಾಡಿದ. ಹೊರಗೆ ಜೀಪು ನಿಂತ ಸದ್ದಾಯಿತು.

ಉಮೇಶ ಸಾಹೇಬರ ಹಿಂದೆ ಹೆಣ್ಣುಮಕ್ಕಳ ಸಾಲು ಬಂತು. ಊರಿನವರು, ಲಕ್ಕಲಕಟ್ಟಿಯವರು, ಎಲ್ಲರ ಮುಂದೆ ಕೋಲೂರಿಕೊಂಡು ತಿಪ್ಪವ್ವ, ಎಲ್ಲರ ಹಿಂದೆ ನಿಂಗಪ್ಪ. ಸಾಹೇಬರು ರಿಬ್ಬನ್ನು ಕತ್ತರಿಸಿದರು, ಒಳಗೆ ಬಂದರು, "ಅದ್ಭುತ!" ಅಂದರು. ಹೆಣ್ಣುಮಕ್ಕಳು ಒಳಗೆ ಬಂದರು, ತಮ್ಮ ತಮ್ಮ ಪಾತ್ರೆ ಹುಡುಕಿದರು, ಒಳಗೆ ಬಗ್ಗಿ ನೋಡಿದರು.

"ಅಯ್ಯ, ಖಾಲಿ ಐತಲ್ಲ!"

"ನಂದೂ ಖಾಲಿ!"

"ಸಜ್ಜಕ ಮಾಡಿ ಕೊಟ್ಟಿದ್ದೆ ಅಣ್ಣಾರ, ನೀವು ಎರಡ ಸಲ ಬಡಿಸಿಕೊಂಡ್ರಿ!" ಅಂದಳು ರಮಜಾನಬಿ.

ತಿಪ್ಪವ್ವ ಕೋಲಿನಿಂದ ತನ್ನ ಕಂಚಿನ ತಾಟನ್ನು ಬಡಿದಳು. ಅದು ಗಂಟೆಯ ಹಾಗೆ ಮೊಳಗಿತು. "ಏನ್ರಿ ಅಳಿಯಾರ, ನಮ್ಮ ಮನಿ ಖಾಲಿ ಆಗ್ಲಿ ಅಂತ ಖಾಲಿ ತಾಟು ವಾಪಸ್ ಕೊಡಾಕತ್ತೀರೇನು?"

"ಇದು ನೋಡೂದು ದೊಡ್ಡವ್ವ, ತಿನ್ನೂದಲ್ಲ..."

"ನೋಡಿದ್ನಲ್ಲ. ಖಾಲಿ ಐತಿ."

ಗದ್ದಲ ಎದ್ದಿತು. ನಿಂಗಪ್ಪ ಹಂಡೆಯೊಳಗೆ ತಲೆ ಹಾಕಿ "ಹುಗ್ಗಿ ಎಲ್ಲೈತ್ರಿ?" ಎಂದು ಕೇಳಿದ್ದು ಹಂಡೆಯಿಂದ ಎರಡು ಪಟ್ಟಾಗಿ ಹೊರಬಂತು. ಆಮೇಲೆ ಎಲ್ಲರೂ ಒಟ್ಟಿಗೇ ಒಂದು ಕಡೆ ತಿರುಗಿದರು. ಫಕೀರೇಶನ ಕಡೆಯಲ್ಲ. ಗಂಡಸು ಪಾತ್ರೆ ತುಂಬುತ್ತಾನೆಂದು ಯಾರೂ ಅಂದುಕೊಂಡಿರಲಿಲ್ಲ. ತಿರುಗಿದ್ದು ಅನ್ನಪೂರ್ಣಾಳ ಕಡೆ.

ಅನ್ನಪೂರ್ಣಾ ನೂರಾ ಹದಿನಾರು ಪಾತ್ರೆಗಳನ್ನು ಒಂದು ಸುತ್ತು ನೋಡಿದಳು. ನಡುವೆ ಬಂದಳು. ಊಟದ ಮಣೆಯ ಮೇಲೆ ಕೂತಳು. ಸೀರೆಯ ನೆರಿಗೆ ಸರಿ ಮಾಡಿಕೊಂಡು, ಚೀಟಿಯನ್ನು ಜನಕ್ಕೆ ಕಾಣುವ ಹಾಗೆ ಸ್ವಲ್ಪ ಬದಿಗೆ ಸರಿಸಿದಳು.

"ಏ, ಏಳ! ಅದು ವಸ್ತು! ಮುಟ್ಟಬಾರದು!" ಫಕೀರೇಶ ಪಿಸುಗುಟ್ಟಿದ.

"ನಾನೂ ವಸ್ತುನ."

ಸಾಹೇಬರು ಹತ್ತಿರ ಬಂದರು. ಚೀಟಿ ಓದಿದರು. ಹೆಣ್ಣುಮಗಳನ್ನು ನೋಡಿದರು. ಅವರ ಮುಖ ಅರಳಿತು. "ಫಕೀರೇಶ ಅವ್ರ! ಜೀವಂತ ಪ್ರದರ್ಶನ! ರೋಣ ತಾಲೂಕಿನಾಗ ಯಾರೂ ಮಾಡಿಲ್ಲ ಬಿಡ್ರಿ. ಎಷ್ಟ ನೈಜ ಐತಿ ನೋಡ್ರಿ, ಆ ಮುಖದ ಮ್ಯಾಲಿನ ಸೋತ ಕಳೆ! ಯಾರು ಕಲಿಸಿದ್ರು ಇವರಿಗೆ?"

"ಇವರ," ಅಂದಳು ಅನ್ನಪೂರ್ಣಾ, ಗಂಡನ ಕಡೆ ಕೈ ಮಾಡಿ.

"ಭಲೆ! ವಸ್ತುಗಳ ಯಾದಿ ಕೊಡ್ರಿ, ಎಲ್ಲಾರಿಗೂ ಓದಿ ಹೇಳೋಣ."

ಫಕೀರೇಶ ಕಿಸೆಯಿಂದ ಕಾಗದ ತೆಗೆದುಕೊಟ್ಟ. ಮಡಚಿದ್ದನ್ನು ಬಿಚ್ಚುವಾಗ ಯಾವ ಮೈ ಮೇಲಿರುತ್ತದೆಂಬುದು ಯಾರ ಕೈಯಲ್ಲೂ ಇಲ್ಲ. ಸಾಹೇಬರು ಗಂಟಲು ಸರಿಮಾಡಿಕೊಂಡು, ಭಾಷಣದ ದನಿಯಲ್ಲಿ ಓದಿದರು.

"ಅನ್ನಪೂರ್ಣಾ ಫಕೀರೇಶ. ವಯಸ್ಸು ನಲವತ್ತೊಂದು. ರಕ್ತ ಏಳೂವರೆ. ಎಲ್ಲರ ಕೊನೆಗೆ ಉಣ್ಣುವುದನ್ನು ಬಿಡಬೇಕು. ಹೊತ್ತಿಗೆ ಸರಿಯಾಗಿ ಬಿಸಿ ಊಟ ಮಾಡಬೇಕು. ಇದನ್ನು ಗಂಡನಿಗೆ ತಿಳಿಸಲಾಗಿದೆ. ಗಂಡನ ಸಹಿ..." ದನಿ ಸಣ್ಣದಾಯಿತು. "ಫಕೀರೇಶ. ಕೆಳಗ ಎರಡು ಚುಕ್ಕಿ. ಇದು ನೀವ ಏನ್ರಿ?"

"ಸಹಿ ನಂದರಿ," ಅಂದ ಫಕೀರೇಶ.

ಊರಿಗೆ ಪೌಷ್ಟಿಕತೆ ಕಲಿಸಲು ಹೊರಟವನ ಹೊಟ್ಟೆ ಹೊಸ ತೂತಿನ ಬೆಲ್ಟಿನ ಮೇಲೆ ಆರಾಮಾಗಿ ಕೂತಿತ್ತು. ಎಲ್ಲರೂ ಅದನ್ನೇ ನೋಡಿದರು. ಅವನೂ ಬಗ್ಗಿ ನೋಡಿಕೊಂಡ.

ತಿಪ್ಪವ್ವ ಕೋಲು ಊರಿಕೊಂಡು ಮುಂದೆ ಬಂದಳು. "ಸಾಹೇಬ್ರ, ಈಕಿ ಇಲ್ಲಿ ಯಾಕ ಕುಂತಾಳ ಅಂತ ನಾ ಹೇಳ್ತೀನಿ. ಲಗ್ನದ ದಿನ ಈ ಅಳಿಯಾರಿಗೆ ಒಡಪು ಬರ್ಲಿಲ್ಲ. 'ಅನ್ನಪೂರ್ಣಾನ್ನ ನನಗಿಂತ ಮೊದಲ ಕುಂದ್ರಿಸಿ, ನಾನ ಬಡದ ಬಿಸಿ ರೊಟ್ಟಿ ಉಣ್ಣಸ್ತೀನಿ' ಅಂದ್ರು. ಅದಕ್ಕ ಒಳಗ ಬಿಟ್ವಿ. ಇಲ್ಲಾಂದ್ರ ಇನ್ನೂ ಹೊರಗ ನಿಂತಿರ್ತಿದ್ರು. ಇಪ್ಪತ್ತೊಂದು ವರ್ಷ ಆತು. ಈಕಿ ಕುಂತಾಳ. ರೊಟ್ಟಿ ಎಲ್ಲೈತಿ?"

ಫಕೀರೇಶ ಹೆಂಡತಿಯ ಕಡೆ ನೋಡಿದ. ಆಕೆ ಅವನ ಕಡೆ ನೋಡುತ್ತಿರಲಿಲ್ಲ, ಒಲೆಯ ಕಡೆ ನೋಡುತ್ತಿದ್ದಳು. ಕಣ್ಣ ಕೆಳಗಿನ ಚರ್ಮ ಬೆಳ್ಳಗಾಗಿತ್ತು. ದಿನವೂ ಎದುರಿಗೇ ಇದ್ದದ್ದನ್ನು ಅವನು ಆಗ ಮೊದಲ ಸಲ ನೋಡಿದ.

ಬರಣಿಯ ಮುಂದಿನ "ಮುಟ್ಟಬೇಡಿ" ಕಿತ್ತು ಒಲೆಗೆ ಹಾಕಿದ. ಗ್ರಂಥಾಲಯದಲ್ಲಿ ಬೆಂಕಿ ಹಚ್ಚಬಾರದೆಂಬ ಫಲಕವನ್ನು ಅವನೇ ಬರೆದಿದ್ದ. ಅದನ್ನೂ ಹಾಕಿದ. ಹೆಣ್ಣುಮಕ್ಕಳು ಜಾಗ ಹಿಡಿದು ಕೂತರು. ಉದ್ಘಾಟನೆಗೆ ಬೇಕಾದ ಕಳೆ ಈಗ ಬಂತು.

"ಎಸರು ಕುದೀಲ್ರಿ ಮೊದಲ!"

"ಅಷ್ಟ ನೀರ ಬ್ಯಾಡ್ರಿ, ಅಂಬಲಿ ಮಾಡ್ತೀರೇನು?"

"ರೊಟ್ಟಿ ಬಡಿಯಾಕತ್ತಾರೋ, ನೊಣಾ ಹೊಡಿಯಾಕತ್ತಾರೋ?"

ಪ್ರದರ್ಶನದ ಹಿಟ್ಟು ಹಳೆಯದು, ಜಿಗಿ ಹೋಗಿತ್ತು. ಮೊದಲ ರೊಟ್ಟಿ ಎತ್ತುವಾಗಲೇ ಮೂರು ತುಂಡಾಯಿತು. ತಿಪ್ಪವ್ವ ಬಗ್ಗಿ ನೋಡಿದಳು. "ರೋಣ, ನರಗುಂದ, ಗಜೇಂದ್ರಗಡ. ಮೂರೂ ತಾಲೂಕು ಬಂದ್ವು ನೋಡ್ರಿ."

ರಮಜಾನಬಿ ಓಡಿಹೋಗಿ ತನ್ನ ಮನೆಯಿಂದ ಅಂದೇ ಬೀಸಿದ ಹಿಟ್ಟು ತಂದಳು. ತಂದದ್ದು ಮುಚ್ಚಳದ ಡಬ್ಬಿಯಲ್ಲಿ. "ಡಬ್ಬಿ ವಾಪಸ್ ಕೊಡೂದ ಬ್ಯಾಡ್ರಿ ಅಣ್ಣಾರ," ಎಂದು ಮೊದಲೇ ಹೇಳಿದಳು.

ಎರಡನೆಯ ರೊಟ್ಟಿ ದುಂಡಗಿರಲಿಲ್ಲ, ಆದರೆ ಒಂದೇ ತುಂಡಿತ್ತು. ಹಂಚಿನ ಮೇಲೆ ಉಬ್ಬಿತು. ಜನ "ಹೋ" ಅಂದರು. ಫಕೀರೇಶ ಸುಟ್ಟ ಬೆರಳನ್ನು ಬಾಯಲ್ಲಿಟ್ಟುಕೊಂಡು, ಇನ್ನೊಂದು ಕೈಯಿಂದ ರೊಟ್ಟಿಯನ್ನು ಅನ್ನಪೂರ್ಣಾಳ ತಾಟಿಗೆ ಹಾಕಿದ.

ಆಕೆ ತಾಟು ಎತ್ತಿ ಸಾಹೇಬರ ಮುಂದೆ ಹಿಡಿದಳು. "ತಗೋರಿ ಸಾಹೇಬ್ರ."

ಬೇಕೆಂದು ಮಾಡಿದ್ದಲ್ಲ. ಎದುರಿಗೆ ಜನ ನಿಂತಿರುವಾಗ ತಾನು ಮೊದಲು ಉಣ್ಣುವುದು ಆ ಕೈಗೆ ಗೊತ್ತಿರಲಿಲ್ಲ. ಸಾಹೇಬರು ಬೇಡ ಬೇಡ ಎನ್ನುತ್ತಲೇ ತಿಂದರು, ಬಹಳ ಪೌಷ್ಟಿಕ ಅಂದರು. ಮೂರನೆಯದು "ದೊಡ್ಡವ್ವ, ನೀ ಮುಂಜಾನಿಂದ ಉಪಾಸ ಇದ್ದಿ" ಎಂದು ತಿಪ್ಪವ್ವನಿಗೆ ಹೋಯಿತು. ಹಲ್ಲಿಲ್ಲದ ತಿಪ್ಪವ್ವ ಬಂದ ಅನ್ನಕ್ಕೆ ಬೇಡ ಅನ್ನಬಾರದೆಂದು ಸೆರಗಿನಲ್ಲಿ ಕಟ್ಟಿಕೊಂಡಳು. ನಾಲ್ಕನೆಯದು 'ಪಾಪ, ಮೆಣಸಗಿಂದ ಬಸ್ಸಿನಾಗ ನಿಂತು ಬಂದಾನ' ಎಂದು ನಿಂಗಪ್ಪನಿಗೆ. ಡಬ್ಬಿಯಲ್ಲಿ ಇನ್ನೊಂದು ರೊಟ್ಟಿಯ ಹಿಟ್ಟು ಮಾತ್ರ ಉಳಿಯಿತು.

ಇಲ್ಲಿ ಪಾತ್ರೆಗಳ ಕತೆ ಹೇಳಿ ಮುಗಿಸಿಬಿಡುವುದು ಒಳ್ಳೆಯದು, ಮುಂದೆ ಅದಕ್ಕೆ ಜಾಗವಿಲ್ಲ. ಖಾಲಿ ಪಾತ್ರೆಯನ್ನು ಯಾರೂ ಒಯ್ಯಲಿಲ್ಲ. ಹೀಗಾಗಿ ಸಂಗ್ರಹಾಲಯ ತಾನಾಗಿಯೇ ಕಾಯಂ ಆಯಿತು, ರೋಣದ ಸಭೆಯಲ್ಲಿ ಮತ್ತೊಮ್ಮೆ ಚಪ್ಪಾಳೆಯೂ ಬಿತ್ತು. ಫಕೀರೇಶ ಪ್ರತಿ ರವಿವಾರ ತಾನೇ ರೊಟ್ಟಿ ಬಡಿದು, ಒಂದು ಪಾತ್ರೆ ತುಂಬಿ, ಕೊಟ್ಟವರ ಮನೆಗೆ ಮುಟ್ಟಿಸಿ ಬರುತ್ತಾನೆ. ಮೊದಲು ಕೊಟ್ಟದ್ದು ನಿಂಗಪ್ಪನ ಹಂಡೆ. ಹುಗ್ಗಿ ತುಂಬಲು ಖಾದರನ ಆಟೋ, ಅರ್ಧ ಊರಿನ ಕೈ ಬೇಕಾಯಿತು. ಅವನ ರೊಟ್ಟಿ ಕಂಡ ಉಳಿದವರು "ನಮಗೇನೂ ಅವಸರಿಲ್ರಿ, ಅಲ್ಲೇ ಇರ್ಲಿ" ಅನ್ನುತ್ತಾರೆ.

ಆದರೆ ಆ ದಿನ, ಕೊನೆಯ ಹಿಟ್ಟನ್ನು ಪರಾತಕ್ಕೆ ಸುರಿದ ಫಕೀರೇಶ ಕೋಣೆಯನ್ನೊಮ್ಮೆ ನೋಡಿದ. ಇನ್ನೂ ಅರವತ್ತು ಜನರಿದ್ದರು. ಇದ್ದಷ್ಟೂ ಹೊತ್ತು ಆ ತಾಟು ಅವರ ಮುಂದೆ ಹೋಗುತ್ತಲೇ ಇರುತ್ತದೆಂಬುದು ಅವನಿಗೂ ಕೊನೆಗೆ ತಿಳಿಯಿತು. ಎದ್ದು, ಹಿಟ್ಟು ಮೆತ್ತಿದ ಕೈಯಿಂದಲೇ ಗೋಡೆಯ ಗಡಿಯಾರ ತೋರಿಸಿದ.

"ಗ್ರಂಥಾಲಯದ ಟೈಮ್ ಆತು. ಎಲ್ಲಾರೂ ಹೊರಗ ನಡೀರಿ."

ಹದಿನಾಲ್ಕು ವರ್ಷದ ನೌಕರಿಯಲ್ಲಿ ಅವನು ಗ್ರಂಥಾಲಯವನ್ನು ಹೊತ್ತಿಗೆ ಸರಿಯಾಗಿ ಮುಚ್ಚಿದ್ದು ಅದೇ ಮೊದಲು.

"ನಾನೂ ಏನ್ರಿ?" ಸಾಹೇಬರು ಕೇಳಿದರು.

"ತಾವೂ ಓದುಗರರಿ."

ತಿಪ್ಪವ್ವ ಕೋಲಿನಿಂದ ಸಾಹೇಬರಿಗೆ ದಾರಿ ತೋರಿಸಿದಳು. ಎಲ್ಲರೂ ಹೊರಗೆ ಹೋದರು. ಫಕೀರೇಶ ಬಾಗಿಲು ಮುಚ್ಚಿ ಅಗಳಿ ಹಾಕಿದ. ಕಿಟಕಿಯಲ್ಲಿ ಮೂಡಿದ ನಿಂಗಪ್ಪನ ತಲೆಯನ್ನು ನೋಡಿ ಅದನ್ನೂ ಮುಚ್ಚಿದ. ಕೋಣೆ ತುಂಬ ಹೊಗೆ, ನೂರಾ ಹದಿನಾರು ಪಾತ್ರೆ, ಇಬ್ಬರು ಮನುಷ್ಯರು.

ಕೊನೆಯ ರೊಟ್ಟಿ ಬಡಿದ. ಒಂದು ಅಂಚು ಹೊತ್ತಿತು, ಇನ್ನೊಂದು ಉಬ್ಬಿತು. ತಾಟಿಗೆ ಹಾಕಿ, ಬದಿಗೆ ತಿಪ್ಪವ್ವ ಹೊರಗೆ ಹೋಗುವಾಗ ಕೊಟ್ಟುಹೋದ ಗುರೆಳ್ಳು ಹಿಂಡಿ ಇಟ್ಟು, ಮಣೆಯ ಮುಂದೆ ಕೂತ.

ಅನ್ನಪೂರ್ಣಾ ಸುತ್ತ ನೋಡಿದಳು. ಕೊಡಲು ಯಾರೂ ಇರಲಿಲ್ಲ. ತಾಟನ್ನು ಅವನ ಮುಂದೆ ಸರಿಸಿದಳು.

"ಮುಂಜಾನಿಂದ ಏನೂ ತಿಂದಿಲ್ಲ ನೀವು. ತಗೋರಿ."

ಖರೇ ಮಾತು. ಸಾಹೇಬರ ಗಡಿಬಿಡಿಯಲ್ಲಿ ಫಕೀರೇಶ ಚಹಾ ಕೂಡ ಕುಡಿದಿರಲಿಲ್ಲ. ರೊಟ್ಟಿಯ ವಾಸನೆಗೆ ಹೊಟ್ಟೆ ಒಳಗಿಂದ ಬಾಗಿಲು ಬಡಿಯುತ್ತಿತ್ತು. ಅವನು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಂದಾತು," ಅಂದ. "ನೀ ಉಣ್ಣ."

ಅನ್ನಪೂರ್ಣಾ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಆ ಮಾತಿನ ಸುಳ್ಳು ಆಕೆಗೆ ಗೊತ್ತಿದ್ದಷ್ಟು ಇನ್ಯಾರಿಗೂ ಗೊತ್ತಿರಲಿಲ್ಲ. ತಾಟನ್ನು ತನ್ನ ಕಡೆ ಎಳೆದುಕೊಂಡು ರೊಟ್ಟಿ ಮುರಿದಳು. ಒಳಗಿಂದ ಹಬೆ ಬಂತು.

ಅವಳು ಉಂಡಳು. ಫಕೀರೇಶ ಕೊಟ್ಟ ಮಾತು ನಡೆಸಿದ.